ಕ್ರೊಯೇಷಿಯಾದ ಸೊಂಟ, ಸರ್ಬಿಯಾದ ಬಾಯಿ

"ಈ ಹೆಂಗಸು ಹೇಳೋದು ನನಗೆ ಒಂದಕ್ಷರಾನೂ ಅರ್ಥ ಆಗಲ್ಲ."

ಡಾಕ್ಟರಿಗೆ ಇಂಗ್ಲಿಷಿನಲ್ಲಿ ಹೀಗೆ ಹೇಳಿದ್ದು ಯಾರು ಗೊತ್ತೇ? ಆ ಹೆಂಗಸೇ.

ಬಿಡಿಸಿ ಹೇಳುತ್ತೇನೆ. ಕಳೆದ ತಿಂಗಳು ಪಿತ್ತಕೋಶದ ಕಲ್ಲು ತೆಗೆಸಿಕೊಂಡು, ಅದಕ್ಕೆ ಇನ್‌ಫೆಕ್ಷನ್ ಬೇರೆ ಅಂಟಿಸಿಕೊಂಡು, ಸಿಡ್ನಿಯ ಆಸ್ಪತ್ರೆಯೊಂದರಲ್ಲಿ ಐದು ದಿನ ಮಲಗಿದ್ದೆ. ಪಕ್ಕದ ಹಾಸಿಗೆಯಲ್ಲಿ ಮಾರಿಯಾ ಅಜ್ಜಿ. ವಯಸ್ಸು ಎಂಬತ್ತೊಂದು, ಮೂಲ ಕ್ರೊಯೇಷಿಯಾ. ಅಡುಗೆಮನೆಯಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ನಮ್ಮ ನಡುವೆ ಒಂದು ಪರದೆ. (ಆಸ್ಪತ್ರೆಯ ಪರದೆ ಕಣ್ಣಿಗೆ ಮಾತ್ರ, ಕಿವಿಗಲ್ಲ.)

ಮರುದಿನವೇ ಆಪರೇಷನ್ ಆಗಬೇಕು. ಅಜ್ಜಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಮೆಲ್ಬರ್ನ್‌ನಲ್ಲಿರುವ ಮಗ ಫೋನಿನಲ್ಲೇ ಅನುವಾದ ಮಾಡುತ್ತೇನೆ ಎಂದನಂತೆ. ಒಪ್ಪಿಗೆ ಪತ್ರದ ವಿಷಯದಲ್ಲಿ ಮನೆಯವರು ಅನುವಾದಿಸುವಂತಿಲ್ಲ ಅಂತ ರೂಲ್. ಹಾಗಾಗಿ ಇಂಟರ್‌ಪ್ರಿಟರ್ ಬಂದರು. ಹೆಸರು ಡ್ರಾಗಾನಾ, ಐವತ್ತರ ಆಸುಪಾಸು. ಸರ್ಬಿಯಾದವರು.

ಒಂದು ಕಾಲದಲ್ಲಿ ಎರಡೂ ಒಂದೇ ದೇಶವಾಗಿದ್ದವು, ಯುಗೊಸ್ಲಾವಿಯಾ. ಭಾಷೆಗೂ ಎರಡು ಹೆಸರು ಸೇರಿಸಿ ಒಂದೇ ಹೆಸರಿತ್ತು. ತೊಂಬತ್ತರ ದಶಕದಲ್ಲಿ ಇವೆರಡರ ನಡುವೆ ಯುದ್ಧವಾಯಿತು. ಈಗ ದೇಶ ಎರಡು, ರಾಯಭಾರಿಗಳು ಇಬ್ಬರು, ಭಾಷೆಯೂ ಎರಡು. ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ಈಗಲೂ ಅರ್ಥವಾಗುತ್ತದೆ. ತೊಂದರೆ ಇರುವುದೇ ಅಲ್ಲಿ.

ಡ್ರಾಗಾನಾ ಬಾಯಿ ತೆರೆದ ಕೂಡಲೇ ಉಚ್ಚಾರಣೆಯಿಂದಲೇ ಅಜ್ಜಿಗೆ ಊರು ಗೊತ್ತಾಯಿತು. ಸಿಡುಕಿದರು. ಇಂಟರ್‌ಪ್ರಿಟರ್‌ಗಳಿಗೆ ಒಂದು ನಿಯಮವಿದೆ: ರೋಗಿ 'ನಾನು' ಎಂದರೆ ಅವರೂ 'ನಾನು' ಎನ್ನಬೇಕು, ಸ್ವಂತದ್ದೇನನ್ನೂ ಸೇರಿಸಬಾರದು. ಹಾಗಾಗಿಯೇ ನಾನು ಮೊದಲು ಬರೆದ ಆ ಮಾತು ಡ್ರಾಗಾನಾ ಬಾಯಿಂದಲೇ ಬಂತು.

ಯುವ ಡಾಕ್ಟರ್ ಕಕ್ಕಾಬಿಕ್ಕಿ. "ಅರ್ಥ ಆಗಲ್ಲ ಅಂದ್ರೆ, ನೀವು ಹೇಗೆ...?"

ಅಷ್ಟರಲ್ಲಿ ಅಜ್ಜಿ ಮತ್ತೇನೋ ಹೇಳಿದರು. ಈ ಸಲ ದನಿ ಸಣ್ಣದಾಗಿತ್ತು. ಡ್ರಾಗಾನಾ ಅದನ್ನೂ ಹೇಳಿದರು, ಬಸ್ಸಿನ ವೇಳಾಪಟ್ಟಿ ಓದುವ ದನಿಯಲ್ಲಿ. "ಈ ಹೆಂಗಸಿನ ಜನ ನನ್ನ ತಮ್ಮನನ್ನ ಕೊಂದ್ರು. ಇವಳ ಮಾತು ಕೇಳಿ ನಾನು ಸೈನ್ ಹಾಕಲ್ಲ."



"ಐ ಆಮ್ ಸೋ ಸಾರಿ," ಎಂದರು ಡಾಕ್ಟರ್, ಡ್ರಾಗಾನಾಗೆ.

"ಡಾಕ್ಟರ್, ದಯವಿಟ್ಟು ಪೇಷಂಟ್ ಜೊತೆ ಮಾತಾಡಿ," ಎಂದರು ಆಕೆ.

ಡಾಕ್ಟರ್ ಫೋನ್ ಮಾಡಿ ವಿಚಾರಿಸಿದರು. ಕ್ರೊಯೇಷಿಯಾದ ಇಂಟರ್‌ಪ್ರಿಟರ್ ಸಿಗುವುದು ಎರಡು ದಿನದ ಮೇಲೆ. ತಡಮಾಡಿದರೆ ರಕ್ತ ಹೆಪ್ಪುಗಟ್ಟಬಹುದು, ನ್ಯುಮೋನಿಯಾ ಆಗಬಹುದು ಎಂದು ಡಾಕ್ಟರ್ ಅಜ್ಜಿಗೇ ವಿವರಿಸಿದರು. ಡ್ರಾಗಾನಾ ಸಾಲುಸಾಲಾಗಿ ಹೇಳುತ್ತ ಹೋದರು. ಅಜ್ಜಿಯಿಂದ ಸದ್ದಿಲ್ಲ. ಕೊನೆಗೆ ಉಪವಾಸದ ಸೂಚನೆ: ರಾತ್ರಿ ಊಟದ ನಂತರ ಏನೂ ತಿನ್ನಬಾರದು, ಒಂದು ತುಂಡು ಬ್ರೆಡ್ಡೂ ಕೂಡ.

ಬ್ರೆಡ್ಡಿಗೆ ಡ್ರಾಗಾನಾ 'ಹ್ಲೆಬ್' ಎಂದರು. ಅದು ಸರ್ಬಿಯಾದ ಪದ.

"ಕ್ರುಹ್!" ಅಜ್ಜಿ ಗದರಿದರು. ಅದು ಅವರ ಪದ.

"ಕ್ರುಹ್," ಎಂದರು ಡ್ರಾಗಾನಾ, ಶಾಲೆಯ ಹುಡುಗಿಯಂತೆ.

ಅಜ್ಜಿ ಕೇಳಿಸಿಕೊಳ್ಳುತ್ತಿದ್ದರು ಅನ್ನುವುದು ಆಗ ಎಲ್ಲರಿಗೂ ತಿಳಿಯಿತು. ಅಜ್ಜಿಗೂ ತಿಳಿಯಿತು. ಪೆನ್ನು ಕೇಳಿದರು. ಸಹಿ ಹಾಕಿ ಒಂದು ಪ್ರಶ್ನೆ ಕೇಳಿದರು. "ಈ ಹೆಂಗಸು ನಾಳೇನೂ ಬರ್ತಾಳಾ?" ಅಂತ ಆ ಹೆಂಗಸೇ ಅನುವಾದಿಸಿದರು.

"ಬೇರೆಯವರನ್ನ ಬುಕ್ ಮಾಡೋಣ್ವಾ?" ಡಾಕ್ಟರ್ ಕೇಳಿದರು.

"ಬೇಡ. ತಮ್ಮನ ವಿಷಯ ಇನ್ನೊಬ್ಬರಿಗೆ ಮೊದಲಿಂದ ಹೇಳೋಕೆ ನನ್ನಿಂದಾಗಲ್ಲ."

ಆಪರೇಷನ್ ಚೆನ್ನಾಗಿ ಆಯಿತು. ಎರಡೇ ದಿನಕ್ಕೆ ಅಜ್ಜಿ ವಾಕರ್ ಹಿಡಿದು ನಿಂತರು. ಅಪ್ಪಿಕೊಂಡರಾ, ಅತ್ತರಾ? ಇಲ್ಲ. ಡ್ರಾಗಾನಾ ಕಡೆ ತಿರುಗಿ ಮಾತಾಡಿದ್ದೂ ಇಲ್ಲ. ಆಕೆ ಬರುವುದು ಹತ್ತು ನಿಮಿಷ ತಡವಾದರೆ ಮಾತ್ರ ಬಾಗಿಲ ಕಡೆಯೇ ನೋಡುತ್ತಿದ್ದರು.

ಕಾರಿಡಾರಿನಲ್ಲಿ ಡ್ರಾಗಾನಾ ಸಿಕ್ಕಾಗ ತಡೆಯಲಾಗದೆ ಕೇಳಿಬಿಟ್ಟೆ. "ಯುದ್ಧದಲ್ಲಿ ನಿಮ್ಮ ಕಡೆಯವರು ಯಾರಾದ್ರೂ...?"

"ಅಪ್ಪ," ಎಂದರು.

"ಅಜ್ಜಿಗೆ ಯಾಕೆ ಹೇಳ್ಲಿಲ್ಲ?"

"ಅದನ್ನ ಹೇಳೋಕೆ ನನ್ನನ್ನ ಬುಕ್ ಮಾಡಿರ್ಲಿಲ್ಲ." ಬ್ಯಾಗ್ ಹೆಗಲಿಗೇರಿಸಿ ಮುಂದಿನ ವಾರ್ಡಿಗೆ ಹೊರಟರು.

ಡಿಸ್ಚಾರ್ಜ್ ಆಗಿ ಸಿಡ್ನಿಯಲ್ಲೇ ಇರುವ ಪ್ಯಾರಮಟ್ಟಾದ ಮನೆಗೆ ಬಂದೆ. ನಮ್ಮ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿ ಒಬ್ಬ ಮರಾಠಿ ಆಂಟಿ ಇದ್ದಾರೆ. ಅವರೂ ಬೆಳಗಾವಿಯವರು, ನಾನೂ ಬೆಳಗಾವಿಯವಳು. ಅವರಿಗೆ ಕನ್ನಡ ಬರುತ್ತದೆ, ನನಗೆ ಮರಾಠಿ ಬರುತ್ತದೆ. ಇದು ಇಬ್ಬರಿಗೂ ಗೊತ್ತು. ಆದರೂ ಮೂರು ವರ್ಷಗಳಿಂದ ಲಿಫ್ಟಿನಲ್ಲಿ ಇಂಗ್ಲಿಷಿನಲ್ಲೇ ಹವಾಮಾನ ಮಾತಾಡಿಕೊಂಡಿದ್ದೇವೆ.

ಮಾರಿಯಾ ಅಜ್ಜಿಗಾದರೂ ಒಂದು ಕಾರಣವಿತ್ತು. ನಮಗೇನಿದೆ?