ಅಕ್ಕಯಮ್ಮನ ಅರಿಶಿನ ರೋಜಾ

ಅಕ್ಕಯಮ್ಮನಿಗೆ ಒಂದು ದಿನದ ಕೂಲಿ ಬಾಕಿ ಇದೆ. ಎಪ್ಪತ್ತೆಂಟನೇ ಇಸವಿಯ ಬಾಕಿ. ಕೊಡಬೇಕಾದವರು ಶ್ರೀನಿವಾಸಪುರದ ಮಾವಿನ ಮಂಡಿ ಸಾಹುಕಾರ ಕೋದಂಡರಾಮಪ್ಪನವರು. ಅವರಿಗೆ ಗತಿಯಿಲ್ಲ ಅಂತ ಯಾರೂ ಹೇಳಲಾರರು. ಮಾವಿನ ಕಾಲದಲ್ಲಿ ಅವರ ಮಂಡಿ ಮುಂದೆ ಲಾರಿ ನಿಲ್ಲಿಸೋಕೆ ಜಾಗ ಸಿಗಲ್ಲ.

ಮುಳಬಾಗಿಲು ರಸ್ತೆಯಲ್ಲಿ ಅವರದೊಂದು ಹಳೇ ಬಂಗಲೆ. ಚಿನ್ನದ ಗಣಿಯ ಬಿಳಿ ಇಂಜಿನಿಯರೊಬ್ಬ ಕಟ್ಟಿಸಿದ್ದು. ಹೋಗುವಾಗ ಅವನು ಬಿಟ್ಟುಹೋದದ್ದು ಒಂದು ಒಡಕು ಪಿಂಗಾಣಿ ತೊಟ್ಟಿ, ಒಂದೇ ಒಂದು ಹಳದಿ ರೋಜಾ ಗಿಡ. ಇಪ್ಪತ್ತನೇ ಶತಮಾನದ ಮೊದಲಲ್ಲಿ ವಿಲಾಯಿತಿಯವರು ಎರಡು ಜಾತಿ ಕೂಡಿಸಿ ಹುಟ್ಟಿಸಿದ ತಳಿಯಂತೆ, ಹಡಗಲ್ಲಿ ಬಂತಂತೆ. ಹೆಸರು ಬರೆದ ತಗಡನ್ನು ತುಕ್ಕು ತಿಂದಿತ್ತು. ಊರವರಿಗೆ ಅದು ಅರಿಶಿನ ರೋಜಾ. ಮೊಗ್ಗು ಉದ್ದಕ್ಕೆ, ಕೊಂಬರಿಶಿನದ ಬಣ್ಣ; ಅರಳಿದರೆ ಬೆಣ್ಣೆ ಬಣ್ಣ. ಕತ್ತು ಮಾತ್ರ ನಿಲ್ಲದು.

"ಮದ್ವೆ ಹೆಣ್ಣಿನಂಗೆ ತಲೆ ಬಗ್ಗಿಸ್ಕಂಡೈತೆ. ಆದ್ರೆ ಮದ್ವೆ ಹೆಣ್ಣು ಮೂರು ದಿನಕ್ಕೆ ತಲೆ ಎತ್ತುತ್ತೆ, ಇದು ಉದುರೋಗ್ತದೆ" ಅಂತ ನಗುತ್ತಿದ್ದಳು ಅಕ್ಕಯಮ್ಮ. ಬಂಗಲೆಯ ತೋಟದ ಕೆಲಸದವಳು.

ಆ ಹೂವಿನಿಂದ ಕೋದಂಡರಾಮಪ್ಪ ಪ್ರತಿ ವರ್ಷ ಕೋಲಾರದ ಹೂವಿನ ಪ್ರದರ್ಶನದಲ್ಲಿ ಕಪ್ ಹೊಡೆಯುತ್ತಿದ್ದರು. ಎಪ್ಪತ್ತೆಂಟರ ಕಾರ್ತಿಕದಲ್ಲಿ, "ರೋಜಾ ಗಿಡ ಕತ್ತರಿಸಿ ಗೊಬ್ಬರ ಹಾಕು" ಅಂದು ಮಂಡಿಗೆ ಹೋದರು.

ಅಕ್ಕಯಮ್ಮ ಯಲ್ದೂರಿನವಳು. ರೇಷ್ಮೆ ಸೊಪ್ಪಿನ ತೋಟದಲ್ಲೇ ಹುಟ್ಟಿ ಬೆಳೆದವಳು. ಹಿಪ್ಪುನೇರಳೆಯನ್ನು ವರ್ಷಕ್ಕೊಮ್ಮೆ ನೆಲಮಟ್ಟ ಕತ್ತರಿಸಬೇಕು, ಆಗಲೇ ಅದು ಉಕ್ಕಿ ಬರುವುದು. ಅವಳಿಗೆ ಗೊತ್ತಿದ್ದ ಕಟಾವು ಅದೊಂದೇ. ಅಂಗಳ ಕೆತ್ತಿ, ಗೊಬ್ಬರ ಹೊತ್ತು, ಸಂಜೆಗೆ ಕುಡುಗೋಲು ತಗೊಂಡು ಅರಿಶಿನ ರೋಜಾವನ್ನು ನೆಲಮಟ್ಟ ಸವರಿ ಹಾಕಿದಳು. ಕೈಯೆಲ್ಲ ಮುಳ್ಳು ಗೀರು, ಮುಖದಲ್ಲಿ ಸಮಾಧಾನ.

ಸಾಹುಕಾರರು ಬಂದು ನೋಡಿ ತಲೆ ಮೇಲೆ ಕೈಹೊತ್ತರು. "ಮನೆ ಮುಳುಗಿಸಿದೆಯಲ್ಲೇ! ಕಸಿ ಗಂಟಿನ ಕೆಳಗೆ ಕತ್ತರಿಸಿದ್ದೀಯ. ಕೆಳಗಿರೋದು ಕಾಡು ಬೇರು, ಇನ್ನು ಬರೋದು ಬರೀ ಕಾಡು ಗುಲಾಬಿ!" ಮಾವಿನವರಿಗೆ ಕಸಿ ಗೊತ್ತು. ಕಡ್ಡಿಯಿಂದಲೇ ಬೆಳೆಯುವ ರೇಷ್ಮೆ ಸೊಪ್ಪಿನವರಿಗೆ ಗಂಟೂ ಇಲ್ಲ, ಕಸಿಯೂ ಇಲ್ಲ.

"ನಾಳೆಯಿಂದ ಬರಬೇಡ. ಹಾಳು ಮಾಡಿದ್ದಕ್ಕೆ ಇವತ್ತಿನ ಕೂಲಿ ಬೇರೆ ಕೇಡು ನಿನಗೆ!"

"ಕತ್ತರಿಸು ಅಂದೋರು ನೀವು. ಎಲ್ಲಿ ಅಂತ ನೀವು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ತಪ್ಪು ನಂದೂ ಐತೆ, ನಿಮ್ದೂ ಐತೆ. ಬೆವರು ಮಾತ್ರ ನಂದೊಬ್ಬಳದೇ ಅಲ್ವಾ ಸಾವ್ಕಾರ್ರೇ?"

ಸಾಹುಕಾರರು ಒಳಗೆ ಹೋದರು. ಅವಳು ಬಿದ್ದ ಕಡ್ಡಿಗಳನ್ನೆಲ್ಲ ಬಾಚಿ ತಲೆ ಮೇಲಿಟ್ಟು ಹೊರಟಳು.

ಪಕ್ಕದ ಮನೆ ದೊಡ್ಡಗಂಗಮ್ಮ ಒಲೆಗೆ ಅಂತ ಕೈ ಹಾಕಿದರೆ, "ಬುಡೇ, ಹಸಿ ಕಡ್ಡಿ ಯಾರಾದ್ರೂ ಸುಡ್ತಾರೇನೇ?" ಅಂತ ಗದರಿದಳು ಅಕ್ಕಯಮ್ಮ. ರೇಷ್ಮೆ ಕಡ್ಡಿಯಂತೆ ಮೂರು ಚಿಗುರುಗಣ್ಣಿಗೊಂದು ತುಂಡು ಮಾಡಿ, ತನ್ನ ಸೊಪ್ಪಿನ ತೋಟದ ನೀರುಗಾಲುವೆ ಪಕ್ಕ ನೆಟ್ಟಳು. ಬಹಳಷ್ಟು ಒಣಗಿದವು. ನಾಲ್ಕೈದು ಚಿಗುರಿದವು, ಕೆಂಪು ಎಲೆ ಬಿಟ್ಟವು. ಅಷ್ಟರಲ್ಲಿ ಬಂಗಲೆಯ ಗಿಡ ಕಾಡು ಹೂ ಬಿಟ್ಟು ಬೇಲಿಯಾಗಿತ್ತು.

ಮುಂದಿನ ವರ್ಷ ಯಲ್ದೂರಲ್ಲಿ ಅರಿಶಿನ ರೋಜಾ ಅರಳಿದೆ ಅಂತ ಸುದ್ದಿ ಹೋದದ್ದೇ ತಡ, ಕೋದಂಡರಾಮಪ್ಪ ಜೀಪಲ್ಲಿ ಬಂದರು.

"ಗಿಡ ನಂದು ಕಣಮ್ಮ, ಒಂದು ಕೊಡು. ಸೀರೆ ಕೊಡ್ತೀನಿ. ಒಂದು ಬುಟ್ಟಿ ಬಾದಾಮಿ ಮಾವು ಕಳಿಸ್ತೀನಿ."

"ಸೀರೆ ಕೊಟ್ರೆ ದಾನ ಆಗ್ತದೆ. ನಂಗೆ ಆವತ್ತಿನ ಕೂಲಿ ಬೇಕು."

"ಕೊಟ್ರೆ ನೀನು ಮಾಡಿದ್ದು ಸರಿ ಅಂತಾಗುತ್ತೆ."

"ಸರಿ ಅಂತ ಯಾರಂದ್ರು? ಮಾಡಿದ್ದು ಕೆಲಸ ಅಂತಾಗುತ್ತೆ."

ಜೀಪು ಖಾಲಿ ಹೋಯಿತು. ಅವತ್ತಿಂದ ಅಕ್ಕಯಮ್ಮ ಹಟಕ್ಕೆ ಬಿದ್ದು ಕಂಡಕಂಡವರಿಗೆಲ್ಲ ಕಡ್ಡಿ ಹಂಚಿದಳು. ಸಂತೆಗೆ ಬಂದವರ ಕೈಲಿ ಮುಳಬಾಗಿಲಿಗೆ ಹೋಯಿತು, ಇಟ್ಟಿಗೆ ಗೂಡಿನ ಕೂಲಿಯವರ ಜೊತೆ ಮಾಲೂರಿಗೆ ಹೋಯಿತು, ಗುಡಿಸಲ ಮುಂದೆಲ್ಲ ಅರಳಿತು. ಬಂಗಲೆಗೊಂದೇ ಇಲ್ಲ. ಕೊನೆಗೆ ಸಾಹುಕಾರರ ಹೆಂಡತಿ ಶ್ಯಾಮಲಮ್ಮನೇ ಬಂದು, "ಅವರಿಗೆ ಹೇಳ್ಬೇಡ್ವೇ" ಅಂತ ಸೆರಗಲ್ಲಿ ಮುಚ್ಚಿಕೊಂಡು ಒಂದು ಕಡ್ಡಿ ಒಯ್ದರು. ಆಯಮ್ಮನಿಗೆ ಇಲ್ಲ ಅನ್ನಲಿಲ್ಲ ಅಕ್ಕಯಮ್ಮ.

ಎಂಬತ್ನಾಲ್ಕರ ಪ್ರದರ್ಶನದಲ್ಲಿ ಆ ಕಡ್ಡಿಯ ಹೂವಿನಿಂದ ಕೋದಂಡರಾಮಪ್ಪನವರಿಗೆ ಮತ್ತೆ ಕಪ್ ಬಂತು. ಹೂವಿನ ಕತ್ತು ನಿಲ್ಲಲಿ ಅಂತ ಪೊರಕೆ ಕಡ್ಡಿ ಕಟ್ಟಿದ್ದರು. ಶಾಮಿಯಾನದ ಹಿಂದಿನಿಂದ ಒಂದು ದನಿ ಕೂಗಿತು: "ಸಾವ್ಕಾರ್ರೇ, ಕಪ್ಪು ನೀವೇ ಇಟ್ಕಳಿ, ನನ್ನ ಕೂಲಿ ಕೊಡಿ!" ಇಡೀ ಶಾಮಿಯಾನ ನಕ್ಕಿತು. ಸಾಹುಕಾರರೂ ನಕ್ಕರು. ನಕ್ಕರು, ಕೊಡಲಿಲ್ಲ.

ಅಕ್ಕಯಮ್ಮ ಈಗಲೂ ಕಡ್ಡಿ ಹಂಚುತ್ತಾಳೆ, ಈಗಲೂ ಕೂಲಿ ಕೇಳುತ್ತಾಳೆ. ನೀವು ಇದನ್ನು ಓದಿ ನಕ್ಕಿರಬಹುದು. ಲೋಟ ಒಡೆದಳು, ಅನ್ನ ಸೀಯಿಸಿದಳು, ಗಿಡ ಕತ್ತರಿಸಿದಳು ಅಂತ ನೀವು ಯಾರ ಒಂದು ದಿನದ ಕೂಲಿ ಹಿಡಿದಿದ್ದೀರಿ? ಎದ್ದು ಹೋಗಿ, ಕೊಟ್ಟು ಬನ್ನಿ.