ಬಣ್ಣದ ಹಾಲಮ್ಮ

ಯಾರ ಮನೆಗೆ ಬಂದರೂ ಹಾಲಮ್ಮ ಮೊದಲು ಮನುಷ್ಯರನ್ನು ಮಾತಾಡಿಸುತ್ತಿರಲಿಲ್ಲ, ಗೋಡೆಯನ್ನು ಮಾತಾಡಿಸುತ್ತಿದ್ದರು. ಬೆರಳು ಮಡಚಿ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿಯುತ್ತ, ಕಿವಿ ಹಚ್ಚಿ ಕೇಳುತ್ತ, ಕೋಣೆಗೆ ಒಂದು ಸುತ್ತು ಬರುವವರೆಗೆ ನಾವು ಏನು ಕೇಳಿದರೂ ಉತ್ತರವಿಲ್ಲ. ಗಾರೆ ಗಟ್ಟಿಯಿದ್ದರೆ ಸುಮ್ಮನೆ ಮುಂದೆ ಹೋಗುವರು. ಒಳಗೊಳಗೇ ಬಿಟ್ಟುಕೊಂಡಿದ್ದರೆ ಅಲ್ಲಿ ನಿಂತು, "ಪೊಳ್ಳೈತೆ" ಎಂದು ಸೀಮೆಸುಣ್ಣದಲ್ಲಿ ಒಂದು ಸೊನ್ನೆ ಸುತ್ತುವರು. ನಮ್ಮ ಮನೆಯ ಚಿಕ್ಕ ರೂಮಿನಲ್ಲಿ ಅವರು ಸುತ್ತಿದ ಸೊನ್ನೆಗಳನ್ನು ನೋಡಿ ನನಗೆ ನಾಚಿಕೆಯಾಗಿತ್ತು. ಒಂದೂವರೆ ವರ್ಷದಿಂದ ಆ ರೂಮಿಗೆ ಚಿಲಕ ಹಾಕಿಟ್ಟವಳು ನಾನೇ.

ಅರವತ್ತು ದಾಟಿದ, ಒಣಕಲು ಮೈಯ ಹೆಂಗಸು. ಸೀರೆಯ ಮೇಲೆ ತೀರಿಹೋದ ಗಂಡನ ತುಂಬುತೋಳಿನ ಅಂಗಿ ತೊಟ್ಟು ಕತ್ತಿನವರೆಗೆ ಗುಂಡಿ ಹಾಕಿಕೊಳ್ಳುತ್ತಿದ್ದರು. ತಲೆಗೊಂದು ಟವೆಲ್ಲು. ಅಂಗಿಯ ಮೂಲ ಬಣ್ಣ ಯಾವುದೆಂದು ಹೇಳುವುದು ಸಾಧ್ಯವೇ ಇರಲಿಲ್ಲ. ಗಂಡ ಮನೆಗಳಿಗೆ ಬಣ್ಣ ಹೊಡೆಯುತ್ತಿದ್ದರಂತೆ, ಇವರು ಬಣ್ಣ ಕಲಸಿಕೊಡುತ್ತ ಏಣಿ ಹಿಡಿಯುತ್ತಿದ್ದರಂತೆ. "ಆ ವಯ್ಯ ಹೋದ್ಮೇಲೆ ಏಣಿ ಹಿಡ್ಕಳೋದು ಬಿಟ್ಟು ಏಣಿ ಹತ್ತಿದೆ, ಅಷ್ಟೇಯ" ಎನ್ನುತ್ತಿದ್ದರು. ಕಡೂರಿನಲ್ಲಿ ಬಣ್ಣದ ಹಾಲಮ್ಮ ಎಂದರೆ ಎಲ್ಲರಿಗೂ ಗೊತ್ತು. ನನಗೆ ಅವರನ್ನು ತೋರಿಸಿದ್ದು ಹಾಲಿನವಳು. "ದೊಡ್ ಮನೆಗಳಲ್ಲಿ ಮಿಕ್ಕಿದ ಬಣ್ಣ ತಂದು ಹೊಡೀತಾರೆ, ಡಬ್ಬ ಕೊಂಡ್ಕೊಳೋ ತಾಪತ್ರಯ ಇಲ್ಲ" ಎಂದಿದ್ದಳು.

ಆಗ ನನಗೆ ಐದನೇ ತಿಂಗಳು. ಮೂರನೇ ಸಲ.

ಮೊದಲನೆಯದು ಮೂರು ತಿಂಗಳು ತುಂಬುವ ಮೊದಲೇ ಹೋಗಿತ್ತು. ನಾನು, ನನ್ನ ಗಂಡ ಯೋಗೀಶ, ಆಸ್ಪತ್ರೆಯವರು ಬಿಟ್ಟರೆ ಯಾರಿಗೂ ತಿಳಿಯಲಿಲ್ಲ. ಎರಡನೆಯದು ಆರು ತಿಂಗಳವರೆಗೆ ಬಂತು. ಅಷ್ಟು ಹೊತ್ತಿಗೆ ಧೈರ್ಯ ಮಾಡಿ ಚಿಕ್ಕ ರೂಮನ್ನು ತಯಾರು ಮಾಡಿದ್ದೆವು. ಹಾಸಿಗೆಯ ಎದುರಿನ ಗೋಡೆಗೆ, ಎಲ್ಲ ಬಸುರಿಯರ ಮನೆಯಲ್ಲೂ ಇರುತ್ತದಲ್ಲ, ನಗುವ ಮಗುವಿನ ದೊಡ್ಡ ಚಿತ್ರ, ಅದನ್ನು ನಾನೇ ಗೋಂದು ಹಚ್ಚಿ ಅಂಟಿಸಿದ್ದೆ. ಆಸ್ಪತ್ರೆಯಿಂದ ಬರಿಗೈಯಲ್ಲಿ ವಾಪಸು ಬಂದಾಗ ಚಿತ್ರ ಇರಲಿಲ್ಲ. ಯಾರೋ ನನ್ನ ಮೇಲಿನ ಮರುಕದಿಂದಲೇ ಕಿತ್ತಿದ್ದರು. ಆದರೆ ಅವಸರದಲ್ಲಿ ಕಿತ್ತಿದ್ದರಿಂದ ನಾಲ್ಕು ಮೂಲೆಗಳು ಗೋಡೆಯಲ್ಲೇ ಉಳಿದಿದ್ದವು. ಆ ನಾಲ್ಕು ಕಾಗದದ ಚೂರುಗಳನ್ನು ನೋಡುತ್ತ ಹನ್ನೊಂದು ದಿನ ಮಲಗಿದ್ದೆ. ಹನ್ನೆರಡನೇ ದಿನ ಎದ್ದು ಬಾಗಿಲು ಮುಚ್ಚಿದೆ.

ಯೋಗೀಶ ಸರ್ಕಾರಿ ಬಸ್ಸಿನ ಡ್ರೈವರ್. ಒಂದು ದಿನ ಹೋದರೆ ಮಾರನೇ ದಿನ ಬರುವ ರೂಟು. ಬಂದ ದಿನ ನಿದ್ದೆ. ನನ್ನ ಅಮ್ಮ ಇಲ್ಲ. ಶಿವನಿಯಲ್ಲಿ ಅಣ್ಣನಿದ್ದಾನೆ, ಅವನ ಸಂಸಾರ ಅವನಿಗೆ. ಅತ್ತೆ ಅಜ್ಜಂಪುರದಲ್ಲಿ. ರೈಲ್ವೆ ಗೇಟಿನಾಚೆಯ ಆ ಬಾಡಿಗೆ ಮನೆಯಲ್ಲಿ ಇಡೀ ದಿನ ನಾನೊಬ್ಬಳೇ. ಅಕ್ಕಪಕ್ಕದವರು ಒಳ್ಳೆಯವರೇ. ಆದರೆ ಈ ಸಲ ಅವರಿಗೆ ನನ್ನ ಹೊಟ್ಟೆಯನ್ನು ನೋಡುವುದಕ್ಕೂ ಭಯ, ವಿಚಾರಿಸುವುದಕ್ಕೂ ಭಯ. "ಬಿಸಿಲು ಜಾಸ್ತಿ ಅಲ್ವಾ" ಎಂದು ಬೇರೆ ಕಡೆ ನೋಡಿಕೊಂಡು ಹೋಗುವರು. ತಿಂಗಳಿಗೊಮ್ಮೆ ತಾಯಿ ಕಾರ್ಡು ಹಿಡಿದು ಬರುತ್ತಿದ್ದ ಆಶಾ ಕಾರ್ಯಕರ್ತೆ ಒಬ್ಬಳೇ ಬಾಯಿಬಿಟ್ಟು ಕೇಳುತ್ತಿದ್ದಳು, ಅದೂ ಕಾರ್ಡಿನಲ್ಲಿ ಬರೆದುಕೊಳ್ಳುವುದಕ್ಕೆ. ಅಂಥದ್ದರಲ್ಲಿ ಒಂದು ದಿನ, ಆ ರೂಮಿನ ಚಿಲಕ ತೆಗೆಯಬೇಕು ಅನ್ನಿಸಿತು. ಯಾಕೆಂದು ಈಗಲೂ ಸರಿಯಾಗಿ ಹೇಳಲಾರೆ. ಮನೆಯ ಇನ್ನೊಂದು ಬಾಗಿಲ ಹಿಂದೆ ಏನೋ ಕೂತಿದೆ ಎಂದುಕೊಂಡೇ ಮತ್ತೆ ನಾಲ್ಕು ತಿಂಗಳು ಕಳೆಯುವುದು ಆಗುವುದಿಲ್ಲ ಅನ್ನಿಸಿತು, ಅಷ್ಟೆ. ಓನರ್ ಅನ್ನು ಕೇಳಿದರೆ "ನೀವೇ ಹೊಡೆಸ್ಕಳಿ, ನನ್ದೇನೂ ತಕರಾರಿಲ್ಲ" ಎಂದರು.

ಹಾಲಮ್ಮ ಬಂದ ಮೊದಲ ದಿನ, ಗೋಡೆ ಬಡಿಯುತ್ತ ಆ ನಾಲ್ಕು ಮೂಲೆಗಳ ಹತ್ತಿರ ನಿಂತರು.

"ಇಲ್ಲೇನ್ ಅಂಟ್ಸಿದ್ರವ್ವ?"

ಅವರು ನನ್ನ ಮುಖ ನೋಡಿದರು, ಹೊಟ್ಟೆ ನೋಡಿದರು, ಮತ್ತೆ ಗೋಡೆ ನೋಡಿದರು. ಎರಡನೇ ಸಲ ಕೇಳಲಿಲ್ಲ. ಚಿಂದಿ ಬಟ್ಟೆ ನೀರಿನಲ್ಲಿ ಅದ್ದಿ ಒಂದೊಂದು ಮೂಲೆಯ ಮೇಲೂ ಒತ್ತಿಹಿಡಿದು, ಕಾಗದ ನೆನೆಯುವವರೆಗೆ ಕಾದು, ಉಗುರಿನಿಂದ ಮೆಲ್ಲಗೆ ಬಿಡಿಸಿದರು. ಬ್ಲೇಡಿನಲ್ಲಿ ಒಮ್ಮೆ ಕೆರೆದಿದ್ದರೆ ಮುಗಿಯುವ ಕೆಲಸ. ನಾಲ್ಕನ್ನೂ ಅಂಗೈಯಲ್ಲಿಟ್ಟುಕೊಂಡು ನನ್ನ ಹತ್ತಿರ ಬಂದರು.

"ಇವ್ನ ಏನ್ ಮಾಡ್ಲಿ?"

"ನೀವೇ ಏನಾದ್ರೂ ಮಾಡಿ."

ಅಂಗಿಯ ಜೇಬಿಗೆ ಹಾಕಿಕೊಂಡರು. ಏನು ಮಾಡಿದರೋ ಗೊತ್ತಿಲ್ಲ.

ಆಮೇಲಿನ ಒಂದು ವಾರ ನನ್ನನ್ನು ರೂಮಿನೊಳಗೆ ಬಿಡಲಿಲ್ಲ. "ನೀನು ಹೊರಗೆ ಕುಂತ್ಕ. ಉಜ್ಜಿದ ಧೂಳು ನಿನ್ಗಾಗಲ್ಲ. ನೀರಿನ ಬಣ್ಣನೇ ಆದ್ರೂ ಹಸಿ ಆರೋಗಂಟ ಬರಬ್ಯಾಡ" ಎಂದು ಕಿಟಕಿಯ ಕೆಳಗಿದ್ದ ಕಲ್ಲುಚಪ್ಪಡಿಯ ಮೇಲೆ ಕೂರಿಸಿದರು. ನಾನು ಹೊರಗೆ, ಅವರು ಒಳಗೆ, ನಡುವೆ ಕಿಟಕಿಯ ಸರಳು. ರೈಲು ಹೋಗುವಾಗ ಮಾತು ನಿಲ್ಲುತ್ತಿತ್ತು. ಹೋದ ಮೇಲೆ ಬಿಟ್ಟಲ್ಲಿಂದಲೇ ಶುರು. ಒಬ್ಬರ ಮುಖ ಒಬ್ಬರಿಗೆ ಕಾಣದೆ ಮಾತಾಡುವುದು ಎಷ್ಟು ಸಲೀಸು ಎಂದು ನನಗೆ ಗೊತ್ತೇ ಇರಲಿಲ್ಲ.

ಮೊದಲು ರೂಮನ್ನು ಖಾಲಿ ಮಾಡಿಸಿದರು. ಕೆಟ್ಟ ಮಿಕ್ಸಿ, ಖಾಲಿ ಡಬ್ಬಗಳು, ಕಾಲು ಮುರಿದ ಕುರ್ಚಿ, ಒಂದನ್ನೂ ಬಿಡಲಿಲ್ಲ. "ಬಡವ್ರ ಮನೆ ಚೆಂದ ಕಾಣ್ಬೇಕು ಅಂದ್ರೆ ಸಾಮಾನು ತರಬಾರ್ದು ಕಣವ್ವ, ತೆಗೀಬೇಕು. ಗಾಳಿ ಬೆಳಕಿಗೆ ಯಾರೂ ದುಡ್ ಕೇಳಲ್ಲ." ಆಮೇಲೆ ಅರ್ಧ, ಕಾಲು ಉಳಿದ ಬಣ್ಣದ ಡಬ್ಬಗಳು ಬಂದವು. ಒಂದೊಂದಕ್ಕೂ ಒಂದು ವಿಳಾಸ. "ಇದು ಬೀರೂರಿನ ಮೇಷ್ಟ್ರ ಮನೆ ಬಿಳಿ. ಇದು ಕಲ್ಯಾಣ ಮಂಟಪದ ಹಳ್ದಿ. ಈ ಹಸ್ರು ಐತಲ್ಲ, ಮಠದ ಊಟದ ಮನೇದು, ಚೂರೇ ಹಾಕ್ಬೇಕು, ಇಲ್ಲಾಂದ್ರೆ ಎಲ್ಲಾನೂ ತಿಂದಾಕ್ಬಿಡ್ತದೆ." ಬಕೆಟ್ಟಿನಲ್ಲಿ ಕೋಲು ತಿರುಗಿಸಿ ತಿರುಗಿಸಿ ಕೊನೆಗೆ ಬೆಂದ ಹೆಸರುಬೇಳೆಯಂಥ ಬಣ್ಣ ಬಂತು. ಇದಕ್ಕೆ ಏನೆನ್ನುತ್ತಾರೆ ಎಂದು ಕೇಳಿದೆ. "ಏನೂ ಅನ್ನಲ್ಲ. ಇನ್ನೊಂದ್ಸಲ ಕಲ್ಸು ಅಂದ್ರೆ ನನ್ ಕೈಲೂ ಆಗಲ್ಲ. ನಾಕೂ ಗೋಡೆಗೆ ಸಾಕಾಗ್ಲಿ ಅಂತ ಬೇಡ್ಕ."

ನಾನು ಕಲ್ಲಿನ ಮೇಲೆ ಕೂತು ಎರಡು ಹಳೆಯ ಸೀರೆ ಕತ್ತರಿಸಿ ಕಿಟಕಿಗೆ ಪರದೆ ಹೊಲಿದೆ. ಮಿಷನ್ ತುಳಿಯಬಾರದು ಎಂದು ಡಾಕ್ಟರು ಹೇಳಿದ್ದರಿಂದ ಕೈಹೊಲಿಗೆ. ಹಣ್ಣಿನಂಗಡಿಯಿಂದ ತಂದ ಮರದ ಪೆಟ್ಟಿಗೆಯನ್ನು ಹಾಲಮ್ಮ ಉಪ್ಪುಕಾಗದದಲ್ಲಿ ಉಜ್ಜಿ ನುಣ್ಣಗೆ ಮಾಡಿ ಗೋಡೆಗೆ ಹೊಡೆದು ಶೆಲ್ಫು ಮಾಡಿದರು. ಅದರಲ್ಲಿ ಏನಿಡುವುದೆಂದು ಅವರೂ ಹೇಳಲಿಲ್ಲ, ನಾನೂ ಯೋಚಿಸಲಿಲ್ಲ.

ಮೂರನೇ ದಿನವೋ ನಾಲ್ಕನೇ ದಿನವೋ ಅಜ್ಜಂಪುರದಿಂದ ಅತ್ತೆ ಬಂದರು. ಬರುತ್ತೇನೆಂದು ಹೇಳಿರಲಿಲ್ಲ. ತೆರೆದ ಬಾಗಿಲು, ಏಣಿ, ಹೊಸ ಬಣ್ಣ, ನನ್ನ ಮಡಿಲಲ್ಲಿದ್ದ ಪರದೆ ನೋಡಿದವರೇ ಚೀಲ ಕೆಳಗಿಡದೆ ನಿಂತುಬಿಟ್ಟರು.

"ಹುಟ್ಟೋಕ್ ಮುಂಚೆನೇ ಶೃಂಗಾರ ಮಾಡ್ತಾರೇನೇ? ಹೋದ್ಸಲ ಆಗಿದ್ದು ಸಾಲ್ದಾ ನಿನ್ಗೆ?"

ನನ್ನ ಸೂಜಿ ನಿಂತಿತು. ಏಣಿಯ ಮೇಲಿಂದ ಹಾಲಮ್ಮ ತಿರುಗದೆಯೇ ಹೇಳಿದರು: "ಮಗೀಗೆ ಅಂತ ಯಾರಂದ್ರು? ಬಾಣಂತಿಗೆ ಮಾಡ್ತಿರೋದು. ಹೆತ್ತೋಳಿಗೆ ಮಲಗಾಕೆ ಜಾಗ ಬೇಡ್ವಾ?"

"ನೀವ್ ನಿಮ್ ಕೆಲ್ಸ ನೋಡ್ಕಳಿ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅನುಭವಿಸೋರು ನಾವು."

"ಅನುಭವಿಸಿದ್ದು ಈ ಹುಡ್ಗಿ ಕಣ್ರಮ್ಮ" ಎಂದು ಈಗ ತಿರುಗಿದರು. "ಹೋದ್ಸಲ ಇವ್ಳು ಯಾವ್ ಗೋಡೆ ನೋಡ್ಕಂಡು ಮಲಗಿದ್ಳು ಅಂತ ನೀವು ನೋಡಿದ್ರಾ? ನಾನ್ ನೋಡ್ದೆ."

ಅತ್ತೆ ಕಣ್ಣು ತುಂಬಿಕೊಂಡರು. ಕೆಟ್ಟವರಲ್ಲ. ಎರಡನೇ ಸಲ ಆಸ್ಪತ್ರೆಯ ಪಡಸಾಲೆಯಲ್ಲಿ ನೆಲಕ್ಕೆ ಕುಸಿದು ಕೂತಿದ್ದವರು ಅವರೇ. ಅವರ ಭಯಕ್ಕೆ ಸಿಟ್ಟಿನ ಮಾತಲ್ಲದೆ ಬೇರೆ ಮಾತು ಗೊತ್ತಿರಲಿಲ್ಲ. ಆದರೆ ಅವತ್ತು ನನಗೆ ಅಷ್ಟೆಲ್ಲ ತಿಳಿಯಲಿಲ್ಲ. ಒಂದು ಲೋಟ ನೀರೂ ಕುಡಿಯದೆ ಬಂದ ಬಸ್ಸಿಗೇ ವಾಪಸು ಹೋದರು. ಒಂದು ತಿಂಗಳು ಫೋನು ಮಾಡಲಿಲ್ಲ. ನಾನು ಮಾಡಿದರೆ ಮಾವ ಎತ್ತಿ "ಚೆನ್ನಾಗಿದೀವಿ" ಎಂದು ಇಟ್ಟುಬಿಡುತ್ತಿದ್ದರು.

ಆ ಮಧ್ಯಾಹ್ನವೆಲ್ಲ ಬ್ರಷ್ಷು ಗೋಡೆಗೆ ತಾಗುವ ಸದ್ದೊಂದೇ. ನಾನು ಅತ್ತದ್ದು ಅವರಿಗೆ ಕೇಳಿಸಿರಬೇಕು. ಎಷ್ಟೋ ಹೊತ್ತಾದ ಮೇಲೆ ಕಿಟಕಿಯಿಂದ ಮಾತು ಬಂತು.

"ನನ್ ಮೊದಲ್ನೇದು ಏಳು ತಿಂಗಳಿಗೇ ಬಂತು ಕಣವ್ವ. ಸುಣ್ಣ ಅರೀತಿದ್ದೆ, ಅಲ್ಲೇ. ಉಸ್ರಿರ್ಲಿಲ್ಲ. ಗಂಡಸ್ರು ಬಟ್ಟೇಲಿ ಸುತ್ಕಂಡು ಹೋದ್ರು. ಎಲ್ಲಿ ಮಣ್ಣು ಮಾಡಿದ್ರು ಅಂತ ನನ್ಗೆ ಹೇಳ್ಲಿಲ್ಲ."

ನಾನು ಹೊಲಿಯುತ್ತಿದ್ದ ಪರದೆಯನ್ನು ಪಕ್ಕಕ್ಕಿಟ್ಟೆ.

"ಹೆಸ್ರಿಡಂಗಿಲ್ಲ ಅಂದ್ರು ಹಿರೇರು. ಆದ್ರೆ ನಾನು ಅದ್ಕೂ ಮುಂಚೆನೇ ಇಟ್ಟಿದ್ದೆ, ಮನಸ್ನಾಗೆ."

"ಏನಂತ?"

"ಅದು ನನ್ದು" ಎಂದರು. ಸಿಟ್ಟಿನಿಂದಲ್ಲ. ಮತ್ತೆ ನಾಲ್ಕು ಸಲ ಬ್ರಷ್ಷು ಆಡಿದ ಸದ್ದು. "ನೀನೂ ಇಟ್ಟಿರ್ತೀಯಲ್ಲ?"

ಅಲ್ಲಿಯವರೆಗೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಇನ್ನೂ ಚಿಕ್ಕವಳು, ಇನ್ನೊಂದಾಗುತ್ತೆ, ಮರೆತುಬಿಡು, ದೇವರಿದ್ದಾನೆ, ಇವಿಷ್ಟೇ ನಾನು ಕೇಳಿದ್ದು. ಯೋಗೀಶ ಪಾಪ, ಆ ಮಾತು ಬಂದರೆ ಎದ್ದು ಹೊರಗೆ ಹೋಗುತ್ತಿದ್ದ. ಆರು ತಿಂಗಳು ಒಳಗಿದ್ದ ಮಗುವನ್ನು ನಾನು ಒಂದು ಹೆಸರಿನಿಂದ ಕರೆಯುತ್ತಿದ್ದೆ. ಅದನ್ನು ಬಾಯಿಬಿಟ್ಟು ಯಾರ ಮುಂದೆಯೂ ಹೇಳಿರಲಿಲ್ಲ. ಅವತ್ತು ಕಿಟಕಿಗೆ ಬೆನ್ನು ಮಾಡಿ ಕೂತುಕೊಂಡೇ ಹೇಳಿದೆ. ಒಳಗೆ ಬ್ರಷ್ಷು ನಿಂತಿತು. ಹಾಲಮ್ಮ ಆ ಹೆಸರನ್ನು ಒಮ್ಮೆ, ಪೂರ್ತಿಯಾಗಿ, ನಿಧಾನವಾಗಿ ಅಂದರು.

"ಚೆನ್ನಾಗೈತೆ" ಎಂದರು. ಬ್ರಷ್ಷು ಮತ್ತೆ ಆಡತೊಡಗಿತು.

ಅವತ್ತಿನಿಂದ ಆ ಹೆಸರು ಗೊತ್ತಿರುವವರು ಲೋಕದಲ್ಲಿ ಇಬ್ಬರಾದೆವು.

ಬಣ್ಣ ನಾಲ್ಕು ಗೋಡೆಗೂ ಸಾಕಾಯಿತು. ಕೆಲಸ ಮುಗಿದ ಮೇಲೂ ಹಾಲಮ್ಮ ಒಂದೆರಡು ಸಲ, ಆ ಕಡೆ ಕೆಲಸಕ್ಕೆ ಹೋಗುವಾಗ, ಗೇಟಿನ ಹೊರಗಿನಿಂದಲೇ "ಹೆಂಗಿದೀಯವ್ವ?" ಎಂದು ಕೂಗಿ ಹೋದರು. ಆಮೇಲೆ ಕಾಣಲಿಲ್ಲ. ಮಂಡಿನೋವು ಜಾಸ್ತಿಯಾಗಿ ತರೀಕೆರೆಯ ಮಗಳ ಮನೆಗೆ ಹೋದರು ಎಂದು ಹಾಲಿನವಳು ಹೇಳಿದಳು. ಉಳಿದ ತಿಂಗಳುಗಳನ್ನು ನಾನು ಆ ರೂಮಿನಲ್ಲೇ, ಒಬ್ಬಳೇ ಕಳೆದೆ. ಮಗು ಒದೆಯುವುದು ನಿಂತಿತು ಅನ್ನಿಸಿದಾಗ ಉಸಿರು ಹಿಡಿದು ಎಡಮಗ್ಗುಲಾಗಿ ಮಲಗಿ ಕಾಯುತ್ತಿದ್ದೆ. ಗೋಡೆಯಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ. ಅದೇ ಒಂದು ಸಮಾಧಾನ.

ಎಂಟು ತಿಂಗಳು ಕಳೆದು ಹದಿನೈದು ದಿನಕ್ಕೆ ಆಪರೇಷನ್ ಮಾಡಿ ಮಗಳನ್ನು ತೆಗೆದರು. ಸಣ್ಣ ಮಗು, ಆದರೆ ಅತ್ತಳು. ಅತ್ತೆ ಬಂದು ಮೂರು ತಿಂಗಳು ಅದೇ ರೂಮಿನಲ್ಲಿ ನನ್ನ ಬಾಣಂತನ ಮಾಡಿದರು. ಬಿಸಿನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಯಾವುದರಲ್ಲೂ ಕಡಿಮೆ ಮಾಡಲಿಲ್ಲ. ಮರದ ಶೆಲ್ಫಿನಲ್ಲಿ ಮಗುವಿನ ಬಟ್ಟೆಗಳನ್ನು ಮಡಚಿ ಇಟ್ಟವರೂ ಅವರೇ. ಆ ದಿನದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹಾಲಮ್ಮನನ್ನು ಕೊನೆಗೆ ಕಂಡದ್ದು ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ. ಮಗಳಿಗೆ ಆಗ ಏಳು ತಿಂಗಳು. ನೆಂಟರ ಮನೆಯ ನಾಮಕರಣಕ್ಕೆ ಹೊರಟಿದ್ದೆ. ಕಟ್ಟೆಯ ಮೇಲೆ ಬರಿ ಸೀರೆಯುಟ್ಟು ಕೂತಿದ್ದ ಮುದುಕಿ ಅವರೇ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತುಂಬ ಸಣ್ಣಗಾಗಿದ್ದರು. ಹತ್ತಿರ ಹೋಗಿ ಮಗುವನ್ನು ಮುಂದೆ ಹಿಡಿದೆ. ಎತ್ತಿಕೊಳ್ಳಿ ಎಂದೆ. ಅವರು ಮಗುವಿನ ಕಾಲನ್ನು ಒಮ್ಮೆ ಮುಟ್ಟಿ ಕೈ ತೆಗೆದರು.

"ಮಗೀನ ನೋಡೋರು ಬೇಕಾದಷ್ಟು ಜನ ಅವ್ರೆ. ನೀನ್ ಹೆಂಗಿದೀಯ? ಹೊಟ್ಟೆತುಂಬ ಉಣ್ತೀಯಾ? ನಿದ್ದೆ ಬತ್ತದಾ?"

ಮಗಳು ಹುಟ್ಟಿದ ಮೇಲೆ ನನ್ನನ್ನು ಯಾರೂ ಕೇಳದೇ ಇದ್ದ ಪ್ರಶ್ನೆಗಳು. ನಿದ್ದೆ ಬರುವುದಿಲ್ಲ ಎಂದೆ. ಮಗು ಉಸಿರಾಡುತ್ತಿದೆಯೋ ಎಂದು ಮತ್ತೆ ಮತ್ತೆ ಎದ್ದು ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತೇನೆ ಎಂದೆ.

"ನೋಡ್ಕ. ತಪ್ಪೇನಿಲ್ಲ. ನನ್ ಮಗ್ಳು ಮದ್ವೆ ಆಗೋಗಂಟ ನಾನೂ ನೋಡ್ತಿದ್ದೆ" ಎಂದು ನಕ್ಕರು. ಅಷ್ಟರಲ್ಲಿ ಅವರ ಬಸ್ಸು ಬಂತು. ಕಂಡಕ್ಟರು ಕೈಹಿಡಿದು ಹತ್ತಿಸಿಕೊಂಡ.

ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಕಾರ್ಯವೆಲ್ಲ ಮುಗಿದ ಮೇಲೆ. ಯೋಗೀಶ ಡ್ಯೂಟಿಯ ಮೇಲಿದ್ದ. ಮಗುವನ್ನು ಎತ್ತಿಕೊಂಡು ನಾನೊಬ್ಬಳೇ ತರೀಕೆರೆಗೆ ಹೋದೆ. ಕೆಮ್ಮಣ್ಣುಗುಂಡಿಗೆ ಹೋಗುವ ರಸ್ತೆಯ ಕಡೆ, ವಿಚಾರಿಸಿಕೊಂಡು ಹೋದರೆ ಮನೆ ಸಿಕ್ಕಿತು. ಅವರ ಮಗಳು ನಲವತ್ತು ದಾಟಿದ ಸೌಮ್ಯ ಹೆಂಗಸು. ಚಾಪೆ ಹಾಕಿ ಕೂರಿಸಿದರು.

"ನಮ್ಮವ್ವಂಗೆ ನೀವು ಹೆಂಗೆ ಪರಿಚಯ?"

"ನಮ್ಮನೆಗೆ ಬಣ್ಣ ಹೊಡೆದಿದ್ರು."

"ಹಂಗೆ ತುಂಬ ಜನ ಬಂದೋದ್ರು" ಎಂದು ಟೀ ಕೊಟ್ಟರು. "ಎಲ್ರ ಮನೆ ಕೆಲ್ಸಾನೂ ಮಾಡಿದ್ಳು, ಯಾರತ್ರನೂ ಮನ್ಸು ಬಿಚ್ಚೋಳಲ್ಲ ಕಣ್ರೀ. ನಾನು ಚೊಚ್ಚಲು ಮಗ್ಳು, ನನ್ನತ್ರನೂ ಏನೂ ಹೇಳ್ಕಂತಿರ್ಲಿಲ್ಲ."

ಚೊಚ್ಚಲು ಎಂಬ ಆ ಮಾತಿಗೆ ನಾನು ತಲೆಯಾಡಿಸಿದೆ. ಟೀ ಬಿಸಿಯಿತ್ತು. ಆರುವವರೆಗೆ ಲೋಟ ಹಿಡಿದುಕೊಂಡು ಕೂತಿದ್ದೆ. ಮಗು ಅವರ ಸೆರಗು ಹಿಡಿದು ಎಳೆಯುತ್ತಿತ್ತು, ಅವರು ಅದನ್ನು ಆಡಿಸುತ್ತಿದ್ದರು. ಹೊರಡುವಾಗ ಬಾಗಿಲವರೆಗೂ ಬಂದು, ಈ ಕಡೆ ಬಂದಾಗ ಬನ್ನಿ ಎಂದರು. ಬರುತ್ತೇನೆ ಎಂದೆ. ಆಮೇಲೆ ಹೋಗಲಿಲ್ಲ.