ಹೆಸರು ಹಿಡಿದು ಕರೆದ ದನಿ

ಕಾರಟಗಿಯಲ್ಲಿ ನಮ್ಮದು ಗೊಬ್ಬರ ಮತ್ತು ಕೀಟನಾಶಕದ ಅಂಗಡಿ. ಗದ್ದೆಗೆ ನೀರು ಕಟ್ಟಲು ಹೋದವರು ಏನೋ ಕಂಡೆವು, ಯಾರೋ ಕರೆದರು ಎಂದು ಅಂಗಡಿಯ ಕಟ್ಟೆಯ ಮೇಲೆ ಕೂತು ಹೇಳುವುದುಂಟು. "ಬೆಳಿಗೆ ಎಣ್ಣಿ ಹೊಡಿವಾಗ ಮೂಗಿಗೆ ಅರಿವಿ ಕಟ್ಟಿದ್ದಿಲ್ಲೇನು?" ಎಂದು ಕೇಳಿ ನಾನು ನಗುತ್ತಿದ್ದೆ. ಈಗ ಹಾಗೆ ನಗಲು ಆಗುವುದಿಲ್ಲ. ನಡೆದದ್ದನ್ನು ನಡೆದಷ್ಟೇ ಬರೆಯುತ್ತೇನೆ. ನಂಬಬೇಕೆಂದು ಯಾರನ್ನೂ ಕೇಳುತ್ತಿಲ್ಲ.

ಕೆಲವು ವರ್ಷಗಳ ಹಿಂದೆ, ಹೆಚ್ಚು ಮಾಲು ಮಾರಿದ ಅಂಗಡಿಯವರನ್ನು ಕಂಪನಿಯೊಂದು ಹೆಂಡತಿಯರ ಸಮೇತ ಮಲೇಷ್ಯಾಕ್ಕೆ ಕರೆದೊಯ್ದಿತ್ತು. ಸಿದ್ದಾಪುರ, ತಾವರಗೇರಾ ಕಡೆಯವರೂ ಇದ್ದರು. ಒಂದು ಮಧ್ಯಾಹ್ನ ನಮ್ಮನ್ನು ದೊಡ್ಡ ಥೀಮ್ ಪಾರ್ಕ್ ಒಂದಕ್ಕೆ ಬಿಟ್ಟರು. ಅದರೊಳಗೆ ಸಾಹಸದ ಭಾಗವೇ ಬೇರೆ ಇತ್ತು. ಕಾಡು, ತೂಗುಸೇತುವೆ, ಪಾಳುಬಿದ್ದ ಗುಡಿ, ಗುಡಿಯ ಕೆಳಗೆ ನಿಧಿ ಹುಡುಕುವ ಗವಿ. ಎಲ್ಲವೂ ಮನುಷ್ಯರು ಮಾಡಿ ನಿಲ್ಲಿಸಿದ್ದು. ತಾವರಗೇರಾದ ಅಂಗಡಿಯ ಖಾಜಾಸಾಬರು ಒಂದು ಬಂಡೆಯನ್ನು ಬೆರಳಿನಿಂದ ಬಡಿದು ನೋಡಿ, "ಒಳಗ ಪೊಳ್ಳ ಐತ್ರಿ ಸಾವ್ಕಾರ್ರ. ಗಂಗಾವತಿ ಗುಡ್ಡದ ಮಂದಿನ್ನ ಇಷ್ಟು ದೂರ ಕರಕೊಂಡು ಬಂದು ಸುಳ್ಳ ಕಲ್ಲ ತೋರಸಾಕತ್ಯಾರ ನೋಡ್ರಿ" ಎಂದರು. ನನ್ನ ಹೆಂಡತಿ ಶಾಂತಾ ಬಾಯಿಗೆ ಸೆರಗು ಹಿಡಿದು ನಕ್ಕಳು.

ಅವಳಿಗೆ ದಮ್ಮಿನ ತೊಂದರೆ ಇದೆ. ಹೊಗೆಯೋ ಧೂಳೋ ತಾಗಿದರೆ ಉಸಿರು ಕಟ್ಟುತ್ತದೆ. ಆಗ ಬಾಯಿಗೆ ಔಷಧದ ಪಂಪು ಹೊಡೆದುಕೊಳ್ಳಬೇಕು, ತಡವಾಗಬಾರದು. ಒಳಗೆ ಚೀಲ ಒಯ್ಯುವಂತಿಲ್ಲ ಎಂದದ್ದಕ್ಕೆ ಆ ಪಂಪನ್ನು ನಾನು ನನ್ನ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದೆ.

ಗವಿಯೊಳಗೆ ಹೆಂಗಸರು ಮುಂದೆ ಹೋದರು, ನಾವು ಹಿಂದೆ. ಕಾಲ ಬಳಿ ಸಣ್ಣ ಕೆಂಪು ದೀಪಗಳನ್ನು ಬಿಟ್ಟರೆ ಬೇರೆ ಬೆಳಕಿರಲಿಲ್ಲ. ಎಲ್ಲಿಂದಲೋ ಡೋಲು, ಗುಡುಗಿನ ಸದ್ದು ಹಾಕಿದ್ದರು. ಪಕ್ಕದವರ ಮಾತು ಕೇಳಬೇಕಾದರೆ ಕಿವಿಯ ಹತ್ತಿರ ಬರಬೇಕಿತ್ತು. ಒಂದು ತಿರುವು ದಾಟಿದಾಗ ಗೋಡೆಯ ಬಿರುಕುಗಳಿಂದ ಬಿಳಿ ಹೊಗೆ ಬರತೊಡಗಿತು. ಸಿಹಿಯಾದ, ಗಂಟಲು ಕೆರೆಯುವ ವಾಸನೆ. ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ಮುಂದೆ ಹೊಗೆಯಲ್ಲಿ ಹೆಂಗಸರ ಸೀರೆಗಳು ಮಸುಕಾಗಿ ಕಂಡವು. ಅವಳು ಅವರ ಜೊತೆಗೇ ಇದ್ದಾಳೆಂದು ತಿಳಿದು, ಮಂದಿಯನ್ನು ಸರಿಸುತ್ತ ಬಿರುಸಾಗಿ ನಡೆದೆ.

ಆಗ ಹಿಂದಿನಿಂದ ಯಾರೋ ನನ್ನ ಹೆಸರು ಹಿಡಿದು ಕರೆದರು. ಶಾಂತಾಳ ದನಿ. ಅದರಲ್ಲಿ ಗಾಬರಿ ಇರಲಿಲ್ಲ. ತಾಟು ಬಡಿಸಿಟ್ಟು, ಹಿತ್ತಲಲ್ಲಿ ಇದ್ದವರನ್ನು ಊಟಕ್ಕೆ ಕರೆಯುವಂಥ ದನಿ. ಎಡಗಿವಿಯ ಹಿಂದೆಯೇ ಇತ್ತು. ಡೋಲಿನ ಸದ್ದನ್ನು ಮೀರಿ ಬಂದದ್ದಲ್ಲ. ಆ ಸದ್ದೇ ಇಲ್ಲದ ಕಡೆಯಿಂದ ಬಂದಂತೆ ಸ್ಪಷ್ಟವಾಗಿ ಕೇಳಿಸಿತು.

ನಾನು ನಿಂತದ್ದು ದನಿಗಲ್ಲ, ಹೆಸರಿಗೆ. ನಮ್ಮ ಮನೆಗಳಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮದುವೆಯ ದಿನ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಕಾಡಿದಾಗ, ಗಂಡನ ಹೆಸರು ಸೇರಿಸಿ ಹೇಳುವ ಒಡಪಿನಲ್ಲಿ ಅವಳು ಒಮ್ಮೆ ನನ್ನ ಹೆಸರು ಹೇಳಿದ್ದಳು. ಅದೇ ಮೊದಲು, ಅದೇ ಕೊನೆ. ಬ್ಯಾಂಕಿನಲ್ಲಿ ಗಂಡನ ಹೆಸರು ಕೇಳಿದರೆ ಇವತ್ತಿಗೂ ಆಧಾರ್ ಕಾರ್ಡನ್ನು ಮುಂದೆ ಚಾಚುತ್ತಾಳೆ. ಅಂಥವಳು ಇಷ್ಟು ಮಂದಿಯ ನಡುವೆ ಹೀಗೆ ಕರೆದಳಲ್ಲ ಎಂದು ನನಗೆ ಮೊದಲು ಆದದ್ದು ಮುಜುಗರ. ತಿರುಗಿ ನೋಡಿದರೆ ನನ್ನ ಬೆನ್ನಿಗೆ ಖಾಜಾಸಾಬರಿದ್ದರು.

"ನಿಂತ್ರಿ ಯಾಕ?" ಎಂದು ಕಿವಿಯಲ್ಲಿ ಕೂಗಿದರು.

"ಶಾಂತಾ ಕರದ್ಲು. ಹಿಂದದಾಳ."

"ಯಾರೂ ಕರದಿಲ್ರೀ. ಅಕ್ಕಾರು ಮುಂದ ಹೋಗ್ಯಾರ, ನಡೀರಿ."

ನನಗೂ ಮುಂದೆ ಹೋಗುವುದೇ ಸರಿ ಎನ್ನಿಸಿತು. ಒಂದು ಹೆಜ್ಜೆ ಇಟ್ಟೆ ಕೂಡ. ಆದರೆ ಆ ಹೆಸರು ಕಿವಿಯಲ್ಲಿ ಹಾಗೇ ಇತ್ತು. ಬರುವ ಮಂದಿಗೆ ಎದುರಾಗಿ ಹಿಂದಕ್ಕೆ ನಡೆದೆ. ತಿರುವಿನ ಹತ್ತಿರ, ಬರುವಾಗ ನಾನು ಗಮನಿಸದ ಒಂದು ಸಂದಿ ಇತ್ತು. ಅದರೊಳಗೆ, ಮುರಿದ ಕಂಬವೊಂದರ ಹಿಂದೆ ಶಾಂತಾ ನೆಲಕ್ಕೆ ಕೂತಿದ್ದಳು. ಕುತ್ತಿಗೆಯ ನರಗಳು ಉಬ್ಬಿದ್ದವು. ಆ ಕೆಂಪು ಬೆಳಕಿನಲ್ಲೂ ತುಟಿ ಕಪ್ಪಾಗಿ ಕಂಡಿತು. ಪಂಪನ್ನು ಬಾಯಿಗೆ ಇಟ್ಟು ಒತ್ತಿದೆ. ಔಷಧ ಒಳಗೆ ಹೋಗಲಿಲ್ಲ. ಮತ್ತೆ ಒತ್ತಿದೆ. ಸ್ವಲ್ಪ ಹೊತ್ತಿಗೆ ಅವಳ ಎದೆ ಒಮ್ಮೆ ಎದ್ದಿತು. ಆಮೇಲೆ ಅಲ್ಲಿನ ಕೆಲಸದವರು ಓಡಿ ಬಂದು, ಎತ್ತಿಕೊಂಡು ಹೊರಗೆ ತಂದರು.

ಸಂಜೆ ಹೋಟೆಲಿನಲ್ಲಿ, ಅವಳು ಸುಧಾರಿಸಿಕೊಂಡ ಮೇಲೆ, "ನೀ ಕರದಿದ್ದು ಛಲೋ ಆತು" ಎಂದೆ. ಅವಳು ನನ್ನನ್ನೇ ನೋಡಿದಳು.

"ನಾ ಎಲ್ಲಿ ಕರದ್ನಿ? ಹೊಗಿ ತಡೀಲಾರದ ಹೊರಗ ಹೋಗೂ ದಾರಿ ಅಂತ ಆ ಸಂದ್ಯಾಗ ಹೊಕ್ನಿ. ಉಸರ ಬರ್ತಿದ್ದಿಲ್ಲ ನನಗ, ಮಾತು ಎಲ್ಲಿಂದ ಬರಬೇಕ್ರಿ? ಗ್ವಾಡಿಗೆ ಕೈಯಾಗಿನ ಬಳಿ ಬಡದ್ನಿ. ಅದೂ ಯಾರಿಗೂ ಕೇಳಲಿಲ್ಲ."

"ಹೆಸರು ಹಿಡದ ಕರದಿ."

"ಸಾಯಾಕತ್ರೂ ನಿಮ್ಮ ಹೆಸರ ಯಾಕ ಹಿಡೀಲಿ?"

ಅಂದಿನಿಂದ ಬಹಳ ಯೋಚಿಸಿದ್ದೇನೆ. ಜೊತೆಗೆ ಬಂದವರಿಗೆಲ್ಲ ನಾನು ಸಾವ್ಕಾರ; ಉಳಿದ ಹೆಂಗಸರಿಗೆ ನನ್ನ ಹೆಸರು ಗೊತ್ತಿರಲಿಕ್ಕಿಲ್ಲ. ಖಾಜಾಸಾಬರು ತಮಗೆ ಏನೂ ಕೇಳಿಸಲಿಲ್ಲ ಎಂದೇ ಇಂದಿಗೂ ಹೇಳುತ್ತಾರೆ. ಪರಿಚಯದ ಡಾಕ್ಟರೊಬ್ಬರು, ನಿಮ್ಮ ಭಯವೇ ದನಿಯಾಗಿ ಕೇಳಿಸಿದೆ ಎಂದರು. ಇರಬಹುದು. ಆದರೆ ನನ್ನ ಭಯವೆಲ್ಲ ಮುಂದಕ್ಕಿತ್ತು. ದನಿ ಬಂದದ್ದು ಹಿಂದಿನಿಂದ. ಈ ಒಂದು ಮಾತನ್ನು ದಾಟಿ ನನ್ನ ಯೋಚನೆ ಹೋಗುವುದಿಲ್ಲ.

ಈಚೆಗೆ ಒಂದು ದಿನ ಅವಳನ್ನೇ ಕೇಳಿದೆ. ಒಮ್ಮೆ ನನ್ನ ಹೆಸರು ಹಿಡಿದು ಕರೆ, ಅದೇ ದನಿಯೋ ಅಲ್ಲವೋ ನೋಡುತ್ತೇನೆ ಎಂದೆ.

"ಈ ವಯಸ್ಸಿನ್ಯಾಗ ಒಡಪು ಹೇಳಸ್ತೀರೇನು?" ಎಂದು ನಕ್ಕಳು. ನಾನು ನಗದೆ ಇದ್ದುದನ್ನು ಕಂಡು ಅವಳೂ ನಗು ನಿಲ್ಲಿಸಿದಳು.

"ಬ್ಯಾಡ್ರಿ. ಈಗ ನಾ ಕರದಾಗ, ನಿಮಗಿಂತ ಮೊದ್ಲ ಬ್ಯಾರೆ ಯಾರರ 'ಓ' ಅಂದ್ರ ಏನ ಮಾಡೂದು?"

ನಾನು ಮತ್ತೆ ಕೇಳಿಲ್ಲ.